ಹಗ್ಗದ ಉದ್ದ, ಏಕತಾಲದ ಮಾತ್ರೆ

ಹುಬ್ಬಳ್ಳಿಯಲ್ಲಿ ಮದುವೆಗಳ ವಿಡಿಯೊ ತೆಗೆದು ಹೊಟ್ಟೆ ಹೊರೆಯುವ ನನಗೆ ಸೆರಗು ಹಾರಿದರೂ ಅಕ್ಷತೆ ಬಿದ್ದರೂ ಅದನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯುವುದು ಚಟವಾಗಿಬಿಟ್ಟಿದೆ. ಬಂಡೆಯ ಮೇಲಿನ ನೃತ್ಯದ ಕಿರುಚಿತ್ರಕ್ಕೆ ಕೈ ಹಾಕಿದಾಗ ನಾನು ಮೊದಲು ಬಿಡಬೇಕಾಗಿ ಬಂದದ್ದು ಆ ಚಟವನ್ನೇ.

ಸೊಂಟಕ್ಕೆ ಹಾರ್ನೆಸ್ ಬಿಗಿದು, ಮೇಲಿನಿಂದ ಇಳಿಬಿಟ್ಟ ಹಗ್ಗಕ್ಕೆ ಮೈಭಾರವನ್ನೆಲ್ಲ ಒಪ್ಪಿಸಿ, ಗೋಡೆಗೋ ಬಂಡೆಗೋ ಅಂಗಾಲೂರಿ, ದೇಹವನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ ಕುಣಿಯುವುದಕ್ಕೆ ವರ್ಟಿಕಲ್ ಡ್ಯಾನ್ಸ್ ಎನ್ನುತ್ತಾರೆ. 1970ರಲ್ಲಿ ನ್ಯೂಯಾರ್ಕಿನ ನೃತ್ಯ ಸಂಯೋಜಕಿ ತ್ರಿಷಾ ಬ್ರೌನ್ ಒಬ್ಬ ಮನುಷ್ಯನನ್ನು ಕಟ್ಟಡವೊಂದರ ಹೊರಗೋಡೆಯ ಮೇಲೆ ತುದಿಯಿಂದ ಬುಡದವರೆಗೆ ಸುಮ್ಮನೆ ನಡೆಸಿ ತೋರಿಸಿದ್ದರು. ಅಮೀಲಿಯಾ ರುಡಾಲ್ಫ್ 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಬ್ಯಾಂಡಲೂಪ್ ತಂಡ ಇಂಥ ಕುಣಿತವನ್ನು ಯೊಸೆಮಿಟಿಯ ಬಂಡೆಗಳಿಗೂ ಒಯ್ದಿತು.

ನಮ್ಮ ನರ್ತಕಿ ಲಕ್ಷ್ಮೇಶ್ವರದ ಕಡೆಯವಳು, ಡಿಗ್ರಿ ಓದುತ್ತಿದ್ದಾಳೆ, ಚಿಕ್ಕಂದಿನಿಂದ ಹಗ್ಗದ ಮಲ್ಲಕಂಬ ಕಲಿತವಳು. ಹಗ್ಗದ ಪರಿಚಯವಿದ್ದವಳಿಗೆ ಇದು ಸುಲಭವಾದೀತೆಂದು ನಾನು ಎಣಿಸಿದ್ದು ತಪ್ಪಾಯಿತು. ಮಲ್ಲಕಂಬದಲ್ಲಿ ಕಾಲ್ಬೆರಳ ಸಂದಿಯಲ್ಲಿ, ತೊಡೆಯಲ್ಲಿ, ಮುಂಗೈಯಲ್ಲಿ ಹಗ್ಗವನ್ನು ಆಟಗಾರ್ತಿ ಹಿಡಿದಿರಬೇಕು. ಇಲ್ಲಿ ಹಗ್ಗವೇ ಅವಳನ್ನು ಹಿಡಿದಿರುತ್ತದೆ. "ಸರ, ಹಗ್ಗ ಬಿಡು ಅಂದ್ರ ಕೈ ಕೇಳೂದಿಲ್ರಿ" ಎಂದು ಮೊದಲ ಕೆಲವು ದಿನ ನಗುತ್ತಲೇ ಹೇಳುತ್ತಿದ್ದಳು. ಬಂಡೆ ಏರುವುದನ್ನು ಬದಾಮಿಯಲ್ಲಿ ಕಲಿತು ಬಂದ ಇಬ್ಬರು ಗೆಳೆಯರು ಹಗ್ಗದ ಹೊಣೆ ಹೊತ್ತರು. ಹೆಚ್ಚು ಹಿಗ್ಗದ 11 ಮಿಲಿಮೀಟರಿನ ಸ್ಟ್ಯಾಟಿಕ್ ಹಗ್ಗ ಒಂದು, ಅದು ಕೈಕೊಟ್ಟರೆ ಇರಲೆಂದು ಬೇರೆ ಆ್ಯಂಕರಿಗೆ, ಅಂದರೆ ಮೇಲೆ ಹಗ್ಗ ಬಿಗಿಯುವ ಗಟ್ಟಿ ನೆಲೆಗೆ, ಕಟ್ಟಿದ ಇನ್ನೊಂದು, ಬಂಡೆಯ ಅಂಚಿಗೆ ಹಗ್ಗ ಉಜ್ಜಿ ಸವೆಯದಂತೆ ಅಡಿಯಲ್ಲಿ ಮಡಚಿಟ್ಟ ಗೋಣಿಚೀಲಗಳು. ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗಿದರೆ ಕಾಲಿಗಿಳಿದ ರಕ್ತ ಸರಿಯಾಗಿ ಮೇಲೆ ಬರುವುದಿಲ್ಲವಾದ್ದರಿಂದ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅವಳನ್ನು ಕೆಳಗಿಳಿಸುತ್ತಿದ್ದೆವು.

ಜಾಗ ಹುಡುಕುವುದರಲ್ಲೇ ಒಂದು ಸುಗ್ಗಿ ಕಳೆಯಿತು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಹಗ್ಗ, ಡ್ರೋನ್ ಎಂದು ಗದ್ದಲ ಎಬ್ಬಿಸುವುದು ನನಗೇ ಸರಿ ಕಾಣಲಿಲ್ಲ. ಗಜೇಂದ್ರಗಡದ ಕಡೆ ಮೊದಲು ಮೆಚ್ಚಿದ ಬಂಡೆಯ ನೆತ್ತಿಯಲ್ಲಿ ಹೆಜ್ಜೇನು ಕಟ್ಟಿತ್ತು, ಕೈಮುಗಿದು ಹಿಂದಿರುಗಿದೆವು. ಕೊನೆಗೆ ರೈತರೊಬ್ಬರು ತಮ್ಮ ಹೊಲದ ಅಂಚಿನ ಬಂಡೆಯನ್ನು ಬಿಟ್ಟುಕೊಟ್ಟರು. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಕಾಣುತ್ತಿದ್ದವು. ಅವುಗಳ ರೆಕ್ಕೆ ಜೋರಾಗಿ ತಿರುಗತೊಡಗಿದರೆ ಆ ದಿನದ ಕೆಲಸ ಮುಗಿಯಿತೆಂದೇ ಲೆಕ್ಕ.

ಧಾರವಾಡದಲ್ಲಿ ತಬಲಾ ಕಲಿಸುವ ಗೆಳೆಯನೊಬ್ಬ ಸಂಗೀತಕ್ಕೆ ಒಪ್ಪಿದ್ದ. ನಾನು ತೆಗೆದುಕೊಂಡು ಹೋದ ಸ್ಲೋ ಮೋಷನ್ ತುಣುಕುಗಳನ್ನು ನೋಡಿ, ಇದಕ್ಕೆ ಲಯವೇ ಇಲ್ಲ, ಎಣ್ಣೆಯೊಳಗೆ ಬಿದ್ದ ನೊಣದಂತಿದೆ ಎಂದ. ಕೋಪ ಬಂದರೂ ಅವನು ಹೇಳಿದ್ದು ನಿಜವಾಗಿತ್ತು. ಬಂಡೆಯನ್ನು ಒದ್ದು ಹೊರಗೆ ಚಿಮ್ಮಿದವಳು ಮತ್ತೆ ಬಂಡೆ ಮುಟ್ಟಲು ಹಿಡಿಯುವ ಕಾಲವನ್ನು ನಿರ್ಧರಿಸುವುದು ಹಗ್ಗದ ಉದ್ದ. ಲೋಲಕದ ಪಾಠವನ್ನು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ: ತೂಗುವ ಕೋನ ತೀರ ದೊಡ್ಡದಾಗದಿದ್ದರೆ, ಮೆಲ್ಲಗೆ ಒದೆಯಲಿ, ಬಲವಾಗಿ ಒದೆಯಲಿ, ಹೋಗುವ ದೂರ ಬದಲಾದೀತೇ ಹೊರತು ಮರಳುವ ಹೊತ್ತು ಹೆಚ್ಚುಕಡಿಮೆ ಅದೇ. ಹಗ್ಗ 20 ಮೀಟರ್ ಇದ್ದರೆ ಸುಮಾರು ನಾಲ್ಕೂವರೆ ಸೆಕೆಂಡು. ಈ ಅಂಕಿ ಕೇಳಿದ ಕೂಡಲೇ ಗೆಳೆಯ ತೊಡೆಯ ಮೇಲೆ ಎಣಿಸತೊಡಗಿದ. ತೀರ ನಿಧಾನಗತಿಯ, ಅಂದರೆ ಅತಿವಿಲಂಬಿತ ಏಕತಾಲದ ಒಂದು ಮಾತ್ರೆ, ತಾಳದ ಒಂದು ಎಣಿಕೆ, ಅಷ್ಟೇ ಹೊತ್ತಿನದು. ಏಕತಾಲಕ್ಕೆ ಹನ್ನೆರಡು ಮಾತ್ರೆ, ಹಾಗಾಗಿ ಹನ್ನೆರಡು ಚಿಮ್ಮುಗಳಿಗೆ ತಾಳದ ಒಂದು ಪೂರ್ತಿ ಸುತ್ತು, ಅಂದರೆ ಒಂದು ಆವರ್ತನ, 54 ಸೆಕೆಂಡು.

ಮರುವಾರ ಸಹಜ ವೇಗದಲ್ಲಿ ಚಿತ್ರೀಕರಿಸಿ ಕಳುಹಿಸಿದೆ. ರಾತ್ರಿ ಫೋನು ಬಂತು: "ಲೇ, ನಿಮ್ಮ ಹುಡುಗಿ ಪ್ರತಿ ಸಲಾನೂ ಮಾತ್ರೆಗಿಂತ ಮೊದಲ ಬರಾಕತ್ತಾಳ." ಹುಡುಗಿಯ ತಪ್ಪಿರಲಿಲ್ಲ. ನಾವು 20 ಮೀಟರನ್ನು ಆ್ಯಂಕರಿನಿಂದ ಅಳೆದಿದ್ದೆವು, ಆ್ಯಂಕರ್ ಇದ್ದದ್ದು ಅಂಚಿನಿಂದ ಮೂರು ಮೀಟರ್ ಹಿಂದೆ. ತೂಗುವ ಹಗ್ಗ ಲೆಕ್ಕಕ್ಕೆ ಬರುವುದು ಗೋಣಿಚೀಲದಿಂದ ಈಚೆಗೆ ಮಾತ್ರ, ಅಂದರೆ 17 ಮೀಟರ್. ಹೀಗಾಗಿ ಅವಳು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಬೇಗ ಬರುತ್ತಿದ್ದಳು. ಟೇಪು ಹಿಡಿದು ಅಳೆದವನು ನಾನೇ.

ಕ್ಯಾಮೆರಾವನ್ನು ಅಡ್ಡ ತಿರುಗಿಸಿ ಬಂಡೆಯನ್ನೇ ನೆಲವಾಗಿ ತೋರಿಸುವ ಉಪಾಯ ಈ ಬಗೆಯ ಚಿತ್ರಗಳಲ್ಲಿ ಹಳೆಯದು. ನಾನೂ ಒಂದೆರಡು ಕಡೆ ಹಾಗೆ ಮಾಡಿದ್ದೇನೆ, ಆದರೆ ಅವಳ ಜಡೆಯನ್ನು ಕಟ್ಟಲು ಬಿಡಲಿಲ್ಲ. ದೃಶ್ಯ ಎಷ್ಟೇ ತಿರುಗಿದರೂ ಜಡೆ ನಿಜವಾದ ಕೆಳದಿಕ್ಕಿಗೇ ಜೋತಿರುತ್ತದೆ. ನೋಡುವವರಿಗೆ ಮೊದಲು ಏನೋ ಸರಿಯಿಲ್ಲ ಅನ್ನಿಸಿ, ಆಮೇಲೆ ಎದೆ ಝಲ್ಲೆನ್ನುತ್ತದೆ. ಹಗ್ಗವನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಡು ಎಂದವರಿದ್ದರು. ತಾಳ ಹಾಕುವವನನ್ನೇ ವೇದಿಕೆಯಿಂದ ಇಳಿಸಿದಂತೆ ಆಗುತ್ತಿತ್ತು, ಅಳಿಸಲಿಲ್ಲ.

ಕೊನೆಯ ಆವರ್ತನದಲ್ಲಿ ಅವಳ ಚಿಕ್ಕಮ್ಮನ ಮಗಳೂ ಪಕ್ಕದಲ್ಲಿ, 5 ಮೀಟರಿನ ಹಗ್ಗದಲ್ಲಿ ತೂಗುತ್ತಾಳೆ. ಕೆಳಗಿನವಳದು ಈಗ ಅಂಚಿನಿಂದಲೇ ಅಳೆದ 20 ಮೀಟರ್. ಉದ್ದ ಕಾಲು ಭಾಗಕ್ಕಿಳಿದರೆ ಹೊತ್ತು ಅರ್ಧವಾಗುತ್ತದೆ, ಆದ್ದರಿಂದ ಕೆಳಗಿನವಳು ಒಮ್ಮೆ ಬಂಡೆ ಮುಟ್ಟುವಷ್ಟರಲ್ಲಿ ಮೇಲಿನವಳು ಎರಡು ಬಾರಿ ಮುಟ್ಟಿರುತ್ತಾಳೆ: ಸರಿಯಾದ ದುಗುಣ್, ಎರಡರಷ್ಟು ವೇಗದ ಲಯ. ಮೊನ್ನೆ ಮನೆಯಲ್ಲಿ ಒಂದಿಷ್ಟು ಜನರಿಗೆ ಚಿತ್ರ ತೋರಿಸಿದಾಗ, ಮೇಲಿನ ಹುಡುಗಿಯನ್ನು ಮಾತ್ರ ಫಾಸ್ಟ್ ಮಾಡಿದ್ದು ಹೇಗೆಂದು ಮೂವರು ಕೇಳಿದರು. ತಬಲಾದ ಗೆಳೆಯ ಅವರನ್ನು ಅಂಗಳಕ್ಕೆ ಕರೆದೊಯ್ದು, ಬಾವಿಯ ಹಗ್ಗಕ್ಕೆ ತಂಬಿಗೆ ಕಟ್ಟಿ ತೂಗಿ ತೋರಿಸುತ್ತ ಊಟದ ಹೊತ್ತು ಮೀರಿಸಿದ.