ಪೌಡರ್ ಪ್ಯಾಕೆಟ್ ಒಡೆಯೋ ಮುಂಚೆ ನೆಲದ ಡ್ರೈನ್ ಜಾಲಿ ನೋಡಿ

ದಾವಣಗೆರೆ ವಿದ್ಯಾನಗರದ ಮನೆ, ಫ್ರಂಟ್ ಲೋಡ್ ವಾಷಿಂಗ್ ಮಿಷನ್, ಔಟ್ ಆಫ್ ವಾರಂಟಿ, 'ಬ್ಯಾಡ್ ಸ್ಮೆಲ್' ಅಂತ ರಿಪೀಟ್ ಕಾಲ್. ಹಿಸ್ಟರಿ ತೆಗೆದರೆ ಪ್ರತಿ ಜಾಬ್‌ನಲ್ಲೂ ಅದೇ ಸಾಲು: ಡಿಸ್ಕೇಲಿಂಗ್ ಪೌಡರ್ ಬಿಲ್, ಟಬ್ ಕ್ಲೀನ್, ಕ್ಲೋಸ್. ಬಾಗಿಲಲ್ಲೇ ನಿಂತಿದ್ದ ಅಜ್ಜಿ, "ಮತ್ತೆ ಅದೇ ಪೌಡ್ರು ತಂದಿಯೇನಪ್ಪಾ? ತಂದಿದ್ರೆ ಹಂಗೇ ವಾಪಸ್ ಹೋಗು" ಅಂದರು.

ಅವರ ಮಾತಲ್ಲಿ ತಪ್ಪಿಲ್ಲ. ನಮ್ಮಂಥ ಸರ್ವಿಸ್ ಟೆಕ್ನಿಷಿಯನ್‌ಗಳ ಬ್ಯಾಗಲ್ಲಿರೋದು ಆಮ್ಲದ ಪೌಡರ್. ಬೋರ್ ನೀರಿಂದ ಹೀಟರ್ ಮೇಲೆ ಕೂರೋ ಬಿಳಿ ಸುಣ್ಣದ ಪದರ ಅದರಿಂದ ಕರಗುತ್ತೆ. ವಾಸನೆ ಬರೋದು ಸುಣ್ಣದಿಂದಲ್ಲ, ಲೋಳೆಯಿಂದ. ಕರಗದೆ ಉಳಿದ ಡಿಟರ್ಜೆಂಟ್, ಕಂಫರ್ಟ್ ಥರದ ಸಾಫ್ಟ್‌ನರ್, ಮೈ ಜಿಡ್ಡು, ಅದರ ಮೇಲೆ ಬೆಳೆಯೋ ಸೂಕ್ಷ್ಮಜೀವಿ, ಎಲ್ಲ ಸೇರಿ ಟಬ್ ಹಿಂಬದಿ ಹಿಡಿಯುತ್ತೆ. ಗಡಸು ನೀರಲ್ಲಿ ನೊರೆ ಬರಲ್ಲ ಅಂತ ಜನ ಇನ್ನೂ ಒಂದು ಮುಚ್ಚಳ ಜಾಸ್ತಿ ಸುರೀತಾರೆ. ಒಗೆಯೋದು ಮಾತ್ರ ದಿನಾ ತಣ್ಣೀರಲ್ಲಿ, ಹದಿನೈದು ನಿಮಿಷದ ಕ್ವಿಕ್ ವಾಶ್. ಲೋಳೆಗೆ ಇನ್ನೇನು ಬೇಕು?

ಮೊದಲು ವಾಸನೆ ಯಾವುದು ಅಂತ ಗುರುತು ಹಿಡೀಬೇಕು. ಮುಗ್ಗಲು ನಾತ ಆದರೆ ಡೋರ್ ಸುತ್ತಿನ ರಬ್ಬರ್ ಗ್ಯಾಸ್ಕೆಟ್, ಟಬ್, ಸೋಪಿನ ಟ್ರೇ. ಕೊಳೆತ ಮೊಟ್ಟೆ ನಾತ ಆದರೆ ಡ್ರೈನ್ ಕಡೆ ಅಥವಾ ಪಂಪಲ್ಲಿ ನಿಂತ ನೀರು. ಇಲ್ಲಿ ಡೋರ್ ತೆಗೆದು ತಲೆ ಒಳಗಿಟ್ಟರೆ ಅಷ್ಟೇನಿಲ್ಲ, ಯುಟಿಲಿಟಿ ಮೂಲೇಲಿ ಬಗ್ಗಿದರೆ ಮೂಗು ಬಿಡಂಗಿಲ್ಲ. ಒಂದು ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಬಾಯಿ ಕಟ್ಟಿ, ನೆಲದ ಜಾಲಿ ಮೇಲೆ ಇಟ್ಟು, ಕಿಟಕಿ ತೆಗೆದು ಕಾಯೋದು. ಆ ಹತ್ತು ನಿಮಿಷ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದರು, ಆಪ್‌ನಲ್ಲಿ ಟಿಎಟಿ, ಅಂದ್ರೆ ಜಾಬ್ ಮುಗಿಸೋ ಗಡುವು, ಕೆಂಪಾಯ್ತು, ಸೂಪರ್‌ವೈಸರ್ ಫೋನ್ ಎರಡು ಸಲ ಬಡ್ಕೊಳ್ತು. ನಾತ ಇಳೀತು. ಕವರ್ ಎತ್ತಿದ ಕೂಡಲೆ ಮತ್ತೆ ಗಪ್ ಅಂತ ಹೊಡೀತು.

ಡ್ರೈನ್ ಹೋಸನ್ನ ಜಾಲಿಯೊಳಗೆ ಸಿಕ್ಕಷ್ಟು ತುರುಕಿ, ಸುತ್ತ ಹಳೇ ಬಟ್ಟೆ ಗಿಡಿದಿದ್ದರು. ತುದಿ ಕೊಳಚೆ ನೀರಲ್ಲೇ ಮುಳುಗಿತ್ತು. ಹಿಂಗಿದ್ದರೆ ಮಿಷನ್ ನೀರು ತಾನಾಗೇ ಸೈಫನ್ ಆಗಿ ಹೋಗ್ತಿರುತ್ತೆ, ಹೋಗೋವಾಗ ಜಾಲಿ ಕೆಳಗಿನ ಟ್ರ್ಯಾಪ್‌ನಲ್ಲಿ ನಾತದ ತಡೆಗೆ ನಿಂತಿರಬೇಕಾದ ನೀರನ್ನೂ ಎಳ್ಕೊಂಡು ಹೋಗಬಹುದು. ಆ ನೀರೇ ಇಲ್ಲ ಅಂದ್ರೆ ಚರಂಡಿ ಗಾಳಿ ನೇರ ಮನೆಯೊಳಗೆ. ಹೋಸ್ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರ ಏರಿ ಇಳೀಬೇಕು, ಪೈಪಿನೊಳಗೆ 15 ಸೆಂಟಿಮೀಟರ್ ಮೀರಬಾರದು, ಸುತ್ತ ಗಾಳಿ ಆಡಬೇಕು. ಬೇಸಿಗೇಲಿ ಮಿಷನ್ ನಿಲ್ಲಿಸಿ ಊರಿಗೆ ಹೋದವರು ವಾಪಸ್ ಬಂದಾಗ ಜಾಲಿಗೆ ಅರ್ಧ ಬಕೆಟ್ ನೀರು ಹುಯ್ದರೆ ಸಾಕು, ಟ್ರ್ಯಾಪ್‌ನಲ್ಲಿ ಆರಿಹೋದ ನೀರು ಮತ್ತೆ ತುಂಬುತ್ತೆ.

ಆಮೇಲೆ ಪಂಪ್ ಫಿಲ್ಟರ್. ಕೆಳಗಿನ ಸಣ್ಣ ಮುಚ್ಚಳ ತೆಗೆದು, ಅಗಲ ತಟ್ಟೆ ಇಟ್ಟು, ಮೊದಲು ಪುಟ್ಟ ಹೋಸಿಂದ ನೀರು ಬಸಿದು, ಆಮೇಲೆ ತಿರುಪು ಬಿಚ್ಚಬೇಕು. ನೇರ ಬಿಚ್ಚಿದರೆ ಯುಟಿಲಿಟಿ ಕೆರೆ. ಬಿಸಿನೀರಿನ ವಾಶ್ ಆದ ಕೂಡಲೆ ಅಂತೂ ಮುಟ್ಟಲೇಬಾರದು. ಇಲ್ಲಿ ಸಿಕ್ಕಿದ್ದು ಮಗುವಿನ ಸಾಕ್ಸ್, ಹೇರ್‌ಪಿನ್, ಕಪ್ಪಗೆ ಕೊಳೆತ ಅಡಿಕೆ ಚೂರು. ಅಜ್ಜಿ ಮಗನ ಕಡೆ ನೋಡಿದ ನೋಟ ಬರೆಯೋಕಾಗಲ್ಲ.

ಗ್ಯಾಸ್ಕೆಟ್ ಮಡಿಕೆ ಎಳೆದು ನೋಡಿದರೆ ಕೆಳಗಡೆ ಕೂದಲು ಸೇರಿ ಲೋಳೆ ಕಟ್ಟಿತ್ತು. ನೀರು ಇಳಿಯೋ ಸಣ್ಣ ತೂತುಗಳು ಅಲ್ಲೇ ಇರೋದು. ಒರೆಸಿ, ಕಪ್ಪು ಚುಕ್ಕೆಗೆ ಒಂದು ಪಾಲು ಲಿಕ್ವಿಡ್ ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿದ ಬಟ್ಟೆ ಕಾಲು ಗಂಟೆ ಒತ್ತಿಟ್ಟು, ತಣ್ಣೀರಲ್ಲಿ ಖಾಲಿ ರಿನ್ಸ್ ಓಡಿಸಬೇಕು. ಬ್ಲೀಚ್ ಹಾಕಿದ ಮೇಲೆ ಡಿಸ್ಕೇಲರ್ ಸುರಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಎರಡನ್ನೂ ಒಂದೇ ದಿನ ಮಾಡೋ ಹುಚ್ಚು ಬೇಡ.

ಒಳಗಿನ ಲೋಳೆಗೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ಪೌಡರ್ 100 ಗ್ರಾಂ ಖಾಲಿ ಡ್ರಮ್ಮಿಗೆ ಹಾಕಿ, 60 ಡಿಗ್ರಿ ಅಥವಾ ಮೇಲಿನ ಕಾಟನ್ ಸೈಕಲ್. ಸುಣ್ಣ ಕಟ್ಟಿದ್ದರೆ ಬೇರೆ ದಿನ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) 100 ಗ್ರಾಂ. ಟಾಪ್ ಲೋಡ್‌ಗಾದರೆ ಕೆಳಗೆ ತಿರುಗೋ ಪಲ್ಸೇಟರ್ ಸ್ಕ್ರೂ ಬಿಚ್ಚಿ ಎತ್ತಲೇಬೇಕು. ಕಸ ಎಲ್ಲ ಅದರಡಿ ಇರುತ್ತೆ, ಪೌಡರ್ ಅಷ್ಟಕ್ಕೇ ಅದು ಬರಲ್ಲ. ಒಗೆದಾದ ಮೇಲೆ ಡೋರ್, ಟ್ರೇ ಎರಡೂ ಒಂದಿಷ್ಟು ತೆರೆದಿಡಲಿ, ಚಿಕ್ಕ ಮಕ್ಕಳಿದ್ದರೆ ಯುಟಿಲಿಟಿ ಬಾಗಿಲು ಹಾಕ್ಕೊಳ್ಳಲಿ.

ಜಾಬ್ ಕ್ಲೋಸ್ ಮಾಡೋಕೆ ಹೋದರೆ ಆಪ್‌ನಲ್ಲಿ 'ಡ್ರೈನ್ ಜಾಲಿ' ಅನ್ನೋ ಕೋಡೇ ಇಲ್ಲ. 'ಕಸ್ಟಮರ್ ಎಜುಕೇಶನ್' ಒತ್ತಬೇಕು, ಅದಕ್ಕೆ ಇನ್ಸೆಂಟಿವ್ ಸೊನ್ನೆ. ಸಂಜೆ ಗ್ರೂಪಿನಲ್ಲಿ ಸೂಪರ್‌ವೈಸರ್ ಕೇಳಿದ್ದು ಒಂದೇ: ಪೌಡರ್ ಯಾಕೆ ಸೇಲ್ ಆಗಿಲ್ಲ?