ಆ ಹತ್ತು ನಿಮಿಷ ಓಡಿಸಬಾರದಿತ್ತು

ಜಮಖಂಡಿ ಕಡೆಯ ಒಂದು ಜಾತ್ರೆ. ಮಧ್ಯಾಹ್ನ ಕುಸ್ತಿ, ರಾತ್ರಿ ಬಯಲಲ್ಲಿ ಸಿನಿಮಾ. ನಮ್ಮದು ಪ್ರೊಜೆಕ್ಟರ್ ಬಾಡಿಗೆ ಅಂಗಡಿ, ಆಪರೇಟರ್ ನಾನು. ಗರಡಿ ಹುಡುಗರು ಕೇಳಿದ್ದು 1978ರ ಹಾಂಗ್‌ಕಾಂಗ್ ಕುಂಗ್ ಫೂ ಚಿತ್ರ, 'ದಿ 36ತ್ ಚೇಂಬರ್ ಆಫ್ ಶಾವೊಲಿನ್'.

ಮಾಲೀಕರು ಒಂದೇ ದಿನ ಎರಡು ಬುಕಿಂಗ್ ಹಿಡಿದಿದ್ದರು. ಮದುವೆ ಮುಗಿಸಿ ಬಂದು ಸ್ಕ್ರೀನ್ ಕಟ್ಟುವಷ್ಟರಲ್ಲಿ ಎಂಟೂಕಾಲು. ಹತ್ತಕ್ಕೆ ಸೌಂಡ್ ಬಂದ್. ಚಿತ್ರ ಹತ್ತಿರ ಹತ್ತಿರ ಎರಡು ತಾಸು. ಎಲ್ಲಾದರೂ ಹತ್ತು ನಿಮಿಷ ಉಳಿಸಬೇಕಿತ್ತು.

ಮಾತು ಚೀನೀ, ಸಬ್‌ಟೈಟಲ್ ಇಂಗ್ಲಿಷ್. ಜನಕ್ಕೆ ಬೇಕಿರೋದು ಹೊಡೆದಾಟ ಅಂದುಕೊಂಡೆ. ಕಲಿಯುವ ಭಾಗ ಓಡಿಸಿದರೆ ಯಾರಿಗೆ ಗೊತ್ತಾಗುತ್ತೆ?

ಕುಂಗ್ ಫೂ ಕಲಿಯಲು ಹೋದ ಚಿತ್ರದ ನಾಯಕ ಸಾನ್ ಟೆ ತೋಳಿಗೆ ಚೂರಿ ಕಟ್ಟಿಕೊಂಡು, ಎರಡೂ ಕೈ ಚಾಚಿ ನೀರು ಹೊರುತ್ತಿದ್ದ. ಕೈ ಇಳಿದರೆ ಚೂರಿ ಪಕ್ಕೆಗೆ ಚುಚ್ಚುತ್ತದೆ. ಅಲ್ಲೇ ಫಾರ್ವರ್ಡ್ ಒತ್ತಿದೆ.

ಸಿಳ್ಳೆ ಇಲ್ಲ, ಕೂಗಾಟ ಇಲ್ಲ. ಇಡೀ ಬಯಲು ಸುಮ್ಮನಾಯಿತು. ಗರಡಿ ಉಸ್ತಾದರು ಎದ್ದು ನನ್ನ ಟೇಬಲ್ಲಿಗೇ ಬಂದರು.

"ತಮ್ಮಾ, ಹೊಳ್ಳಿ ಹಿಂದಕ್ ತಗೋ. ಹೊಡದಾಟ ಎಲ್ಲಾ ಪಿಚ್ಚರ್‌ದಾಗೂ ಐತಿ. ಆ ಹುಡುಗ ಹೆಂಗ ಕಲ್ತಾ, ಅದನ್ನ ನೋಡಾಕ ಬಂದೀವಿ."

ಕೈ ನಡುಗಿತು. ಬಿಟ್ಟ ಜಾಗ ಸಿಗಲಿಲ್ಲ. ಹಿಂದೆ ಹೋದರೆ ಜಾಸ್ತಿ ಹಿಂದೆ, ಮುಂದೆ ಬಂದರೆ ಮತ್ತೆ ಮುಂದೆ. ಅಷ್ಟೂ ಮಂದಿ ನನ್ನ ಕಡೆ ತಿರುಗಿ ಕೂತಿದ್ದರು. ಎರಡು ನಿಮಿಷ ಇರಬಹುದು, ನನಗೆ ಅರ್ಧ ತಾಸು.

ಮತ್ತೆ ಅದೇ ದೃಶ್ಯ ಬಂದಾಗ ಮುಂದಿನ ಸಾಲಿನ ಒಬ್ಬ ಹುಡುಗ ತಾನೂ ಎರಡೂ ಕೈ ಚಾಚಿದ. ಮೊಣಕೈ ನಡುಗುತ್ತಿತ್ತು, ಇಳಿಸಲಿಲ್ಲ. ದಿನಾ ಕೆಂಪು ಮಣ್ಣಲ್ಲಿ ಸಾಮು ಮಾಡುವವನು, ಸಂಗ್ರಾಣಿ ಕಲ್ಲು ಎತ್ತುವವನು. ಅವನಿಗೆ ಸಬ್‌ಟೈಟಲ್ ಯಾಕೆ ಬೇಕು? ಚಿತ್ರದ ನಿರ್ದೇಶಕ ಲಾವ್ ಕಾರ್ ಲ್ಯುಂಗ್ ಕೂಡ ಅಪ್ಪನ ಕೈಯಲ್ಲಿ ಕುಂಗ್ ಫೂ ಕಲಿತವರು. ನಾನು ಓಡಿಸಿದ್ದು ಆ ನಿರ್ದೇಶಕರೂ ಈ ಹುಡುಗರೂ ಬಲ್ಲ ಕೆಲಸವನ್ನೇ.

2000ದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಚೀನೀ ಮಾತಲ್ಲೇ 4 ಆಸ್ಕರ್ ಗೆದ್ದಿತು, ಅಮೆರಿಕದಲ್ಲಿ 12 ಕೋಟಿ ಡಾಲರ್ ದಾಟಿತು. ಬರೀ ಹಾರಾಟಕ್ಕೆ ಅಂತ ನಂಬಿದ್ದೆ. ಅದರಲ್ಲೂ ಮೊದಲ ಹೊಡೆದಾಟಕ್ಕೆ ಮುಂಚೆ ಸುಮಾರು ಕಾಲು ತಾಸು ಮಾತುಕತೆಯೇ ಇದೆ, ಅಲ್ವಾ?

ಈಗ ಪೂರ್ತಿ ನೋಡದೆ ಯಾವ ಚಿತ್ರಕ್ಕೂ ಕೈ ಹಾಕಲ್ಲ. ಒಂದೇ ದಿನ ಎರಡು ಬುಕಿಂಗ್ ಆದರೆ ಬರಲ್ಲ ಅಂತ ಮಾಲೀಕರಿಗೂ ಹೇಳಿದ್ದೇನೆ.

ಆ ರಾತ್ರಿ ಹತ್ತಾಯಿತು. ಸೌಂಡ್ ತೆಗೆದೆ, ಚಿತ್ರ ನಿಲ್ಲಿಸಲಿಲ್ಲ. ಸಾನ್ ಟೆ ಊರ ಮಂದಿಗೆ ಕಲಿಸಲು ಶುರು ಮಾಡುವವರೆಗೂ ಒಬ್ಬರೂ ಏಳಲಿಲ್ಲ.