ಸಾಕ್ಷಿ ಹಾಕುವವರು: ವಿರಾಜಪೇಟೆಯ ಒಂದು ಕೂಟಕ್ಕೆ ತಯಾರಿಯ ದಿನಚರಿ

ಜುಲೈ 7

ಮೂರು ದಿನದಿಂದ ಕರೆಂಟಿಲ್ಲ. ಮಳೆ ಸ್ವಲ್ಪ ಬಿಟ್ಟರೆ ಪೇಟೆಗೆ ಹೋಗಿ ಫೋನ್ ಚಾರ್ಜ್ ಮಾಡಿಕೊಂಡು ಬರೋಣ ಅಂತ ಕಾಯುತ್ತಿದ್ದಾಗ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆಯ ಪಾದ್ರಿ ಅಯ್ಯನವರು ಕೊಡೆ ಹಿಡಿದುಕೊಂಡು ಬಂದರು. ಹೋದ ವಾರದ ಮಾತನ್ನೇ ಮತ್ತೆ ಎತ್ತಿದರು. "ಟೀಚರೇ, ಕೊಡಗಿನ ಎಲ್ಲ ಸಭೆಗಳ ಮುಖಂಡರನ್ನು ಒಂದು ದಿನ ಒಟ್ಟಿಗೆ ಕೂರಿಸೋಕೆ ಆಗುತ್ತಾ? ಭಾಷಣಕ್ಕಲ್ಲ. ಈ ಕಾಲದಲ್ಲಿ ಕ್ರಿಸ್ತನಿಗೆ ಸಾಕ್ಷಿಯಾಗಿ ಬದುಕೋದು ಅಂದ್ರೆ ಏನು ಅಂತ ಕೂಡಿ ಯೋಚಿಸೋಕೆ."

ನಾನು ಹೂಂ ಅಂದೆ. ಈ ವಿಷಯ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿತ್ತು. ಈ ಪುಟ್ಟ ಜಿಲ್ಲೆಯಲ್ಲಿ ಕಥೋಲಿಕರಿದ್ದಾರೆ, ನಾವಿದ್ದೇವೆ, ಎಸ್ಟೇಟುಗಳ ಕಡೆ ಮಲಯಾಳಿ ಆರ್ಥೊಡಾಕ್ಸ್, ಮಾರ್ತೋಮಾ ಕುಟುಂಬಗಳಿವೆ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕೂಡುವ ಸಣ್ಣ ಸಣ್ಣ ಪೆಂಟೆಕೋಸ್ಟಲ್ ಸಭೆಗಳಿವೆ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆಯುವ ಕಾನೂನು ಬಂದ ಮೇಲಂತೂ ಊರಿನವರ ಬಾಯಲ್ಲಿ ನಮ್ಮೆಲ್ಲರಿಗೂ ಒಂದೇ ಹೆಸರು. ಆದರೆ ನಾವು ಒಂದಾಗಿ ಕೂತು ನಮ್ಮನ್ನೇ ಕೇಳಿಕೊಂಡಿಲ್ಲ: ನಮ್ಮಲ್ಲಿ ಕೆಲವರು ಮೈಕ್ ಹಿಡಿದು ನೆರೆಯವರ ದೇವರನ್ನು ಹಳಿಯುವುದು ಸಾಕ್ಷಿಯೇ? ಭಯದಿಂದ ಬಾಯಿ ಮುಚ್ಚಿಕೊಂಡು ಕೂರುವುದು ಸಾಕ್ಷಿಯೇ?

ಜುಲೈ 19

ದಿನ ಗೊತ್ತು ಮಾಡುವುದಕ್ಕೇ ಎರಡು ವಾರ ಹೋಯಿತು. ಭಾನುವಾರ ಯಾರಿಗೂ ಆಗದು, ಶುಕ್ರವಾರ ಪಾಸ್ಟರುಗಳಿಗೆ ಉಪವಾಸ ಪ್ರಾರ್ಥನೆ. ಮಳೆ ಮುಗಿಯುವವರೆಗೆ ಘಟ್ಟದ ರಸ್ತೆ ನಂಬುವ ಹಾಗಿಲ್ಲ. ಸೆಪ್ಟೆಂಬರಲ್ಲಿ ಕೊಡವರ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರಲ್ಲಿ ಕಾವೇರಿ ಸಂಕ್ರಮಣ. ಡಿಸೆಂಬರಿಗೆ ಹೋದರೆ ಪುತ್ತರಿ ಹಬ್ಬ, ಕಾಫಿ ಕೊಯ್ಲು, ಕ್ರಿಸ್ಮಸ್ ಎಲ್ಲ ಒಟ್ಟಿಗೆ ಬೀಳುತ್ತವೆ. ಕೊನೆಗೆ ನವೆಂಬರ್ 10, ಸೋಮವಾರ ಅಂತ ಬರೆದುಕೊಂಡೆವು. ಬೆಳಿಗ್ಗೆ ಒಂಬತ್ತೂವರೆಗೆ ಶುರು, ಮೂರೂವರೆಗೆ ಮುಗಿಯಲೇಬೇಕು. ಮಾಲ್ದಾರೆ, ಸಿದ್ದಾಪುರದ ಕಡೆಯವರು ಕತ್ತಲಾಗುವ ಮೊದಲು ಮನೆ ಸೇರಬೇಕು. ಆ ರಸ್ತೆಯಲ್ಲಿ ಸಂಜೆ ಆನೆ ಎದುರಾದರೆ ಬೈಕಿನವನ ಗತಿ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟ್ 3

ಆಮಂತ್ರಣ ಪತ್ರ ಬರೆಯಲು ಕೂತೆ. ಒಂದು ಪುಟದ ಕಾಗದ ಇಡೀ ಸಂಜೆ ತಿಂದಿತು.

ಮೊದಲನೆಯ ಸಾಲಿನಲ್ಲೇ 'ಸುವಾರ್ತೆ' ಅಂತ ಬರೆದಿದ್ದೆ. ನಮ್ಮ ಜೊತೆ ಕೆಲಸ ಮಾಡುತ್ತಿರುವ ಕಥೋಲಿಕ ಸಿಸ್ಟರ್ ಓದಿ, "ನಮ್ಮವರಿಗೆ ಇದು ಶುಭಸಂದೇಶ" ಅಂದರು. 'ಅಪೊಸ್ತಲರ ಕೃತ್ಯಗಳು' ಮೊದಲ ಅಧ್ಯಾಯ ಎಂಟನೆಯ ವಚನ ಹಾಕೋಣ ಅಂದರೆ ಅವರ ಬೈಬಲಲ್ಲಿ ಅದು 'ಪ್ರೇಷಿತರ ಕಾರ್ಯಕಲಾಪಗಳು'. ನಾವು ಯೆಹೋವ ಅನ್ನುವಲ್ಲಿ ಅವರು ಸರ್ವೇಶ್ವರ ಅನ್ನುತ್ತಾರೆ. ನಮ್ಮ ಆರಾಧನೆ, ಅವರ ಬಲಿಪೂಜೆ. ಒಂದೇ ಕನ್ನಡ, ಒಂದೇ ಕ್ರಿಸ್ತ. ಆದರೂ ಒಂದು ಪತ್ರ ಬರೆಯುವಷ್ಟು ಹೊತ್ತು ನಾವು ಇಷ್ಟು ವರ್ಷ ಜೊತೆಯಲ್ಲಿ ಕೂತಿರಲಿಲ್ಲವಲ್ಲ ಅನ್ನುವುದು ನನ್ನನ್ನು ನೋಯಿಸಿತು.

ಇಬ್ಬರಿಗೂ ಒಂದೇ ಆಗಿ ಸಿಕ್ಕ ಮಾತು 'ಸಾಕ್ಷಿ'. ಅದನ್ನೇ ದಪ್ಪಕ್ಷರದಲ್ಲಿ ಮೇಲೆ ಹಾಕಿದೆವು.

ಆಗಸ್ಟ್ 17

ಇವತ್ತಿನದ್ದನ್ನು ಪೂರ್ತಿ ಬರೆದಿಡಬೇಕು.

ಹಂಚಿನಿಂದ ನೀರು ಸೋರುತ್ತಿತ್ತು. ರಿಪೇರಿಗೆ ಒಬ್ಬ ಆಚಾರಿ ಬಂದಿದ್ದರು. ಮುಕ್ಕೋಡ್ಲು ಕಡೆಯವರು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮನೆ, ತೋಟ ಎಲ್ಲ ಹೋಯಿತು. ಈಗ ಸರಕಾರ ಕಟ್ಟಿಕೊಟ್ಟ ಮನೆಯಲ್ಲಿದ್ದಾರೆ. ಕಾಫಿ ಕೊಡುವಾಗ ಮೇಜಿನ ಮೇಲಿದ್ದ ಆಮಂತ್ರಣ ಪತ್ರ ಎತ್ತಿ ನೋಡಿದರು. "ಸಾಕ್ಷಿ... ಇದು ಕೋರ್ಟಿನ ವಿಷಯನಾ ಟೀಚರೇ?"

ಅಲ್ಲ ಅಂದೆ. ವಿವರಿಸಲು ಹೊರಟೆ, ಮಾತು ಸರಿಯಾಗಿ ಬರಲಿಲ್ಲ. ಅವರೇ ಹೇಳಿದರು.

ಗುಡ್ಡ ಬಿದ್ದು ಹತ್ತು ದಿನಕ್ಕೆ ವಿ.ಎ. (ಗ್ರಾಮಲೆಕ್ಕಿಗರು) ಸ್ಥಳ ನೋಡಿ ಮಹಜರು ಬರೆಯಲು ಬಂದಿದ್ದರಂತೆ. ಅಲ್ಲಿ ಏನಿದೆ? ಕೆಂಪು ಮಣ್ಣು, ಬುಡಮೇಲಾದ ಸಿಲ್ವರ್ ಓಕ್ ಮರಗಳು. ಪತ್ರಗಳೆಲ್ಲ ಬೀರುವಿನ ಜೊತೆ ಹೊಳೆ ಪಾಲಾಗಿದ್ದವು. ಇಲ್ಲಿ ಒಂದು ಮನೆ ಇತ್ತು ಅಂತ ಹೇಳುವವರು ಬೇಕು, ಮಹಜರಿಗೆ ಸಾಕ್ಷಿ ಹಾಕಬೇಕು. ಪಕ್ಕದ ತೋಟದ ಒಬ್ಬ ವಯಸ್ಸಾದ ಹೆಂಗಸು ಮುಂದೆ ಬಂದರು. ಅವರ ಮನೆ ಉಳಿದಿತ್ತು, ಪರಿಹಾರದಲ್ಲಿ ಅವರಿಗೆ ಬಿಡಿಗಾಸೂ ಬರುವುದಿರಲಿಲ್ಲ. ಅರ್ಧ ಮುರಿದು ನಿಂತಿದ್ದ ಒಂದು ಹಲಸಿನ ಬುಡದಿಂದ ಆ ಕೆಸರಲ್ಲೇ ಹೆಜ್ಜೆ ಎಣಿಸಿಕೊಂಡು ನಡೆದರಂತೆ. "ಹದಿನೆಂಟು ಹೆಜ್ಜೆಗೆ ಇವರ ಬಾವಿ. ನಾನು ದಿನಾ ನೀರು ಸೇದಿದ್ದೇನೆ. ಬಾವಿಯಿಂದ ಆರು ಹೆಜ್ಜೆಗೆ ಅಡುಗೆಮನೆ ಮೆಟ್ಟಿಲು." ಓದು ಬರಹ ಬಾರದವರು. ಹೆಬ್ಬೆಟ್ಟು ಒತ್ತಿದರು. ಆಮೇಲೆ ಕಚೇರಿಯಲ್ಲಿ ಯಾರೋ ತಕರಾರು ತೆಗೆದಾಗ ಮೂರು ಸಲ ಬಸ್ಸಿಗೆ ಕೈಯಿಂದ ಖರ್ಚು ಮಾಡಿ ಮಡಿಕೇರಿಗೆ ಬಂದು ಅದೇ ಮಾತು ಹೇಳಿದರು.

"ಆ ಅಮ್ಮ ನಿಮ್ಮ ಪೈಕಿ. ಚರ್ಚಿಗೆ ಹೋಗೋರು. ಎರಡು ವರ್ಷ ಆಯ್ತು ತೀರಿಕೊಂಡು. ಮಣ್ಣಿಗೆ ನಾವು ಇಡೀ ಊರಿನೋರು ಹೋಗಿದ್ವಿ. ಸಾಕ್ಷಿ ಅಂದ್ರೆ ನಂಗೆ ಅವರೇ."

ಅವರು ಏಣಿ ಹತ್ತಿ ಮತ್ತೆ ಕೆಲಸಕ್ಕೆ ಹೋದರು. ನಾನು ಬಹಳ ಹೊತ್ತು ಕೂತೇ ಇದ್ದೆ. ಸಾಕ್ಷಿ ಹೇಳುವುದು ಅನ್ನುತ್ತೇವೆ, ಸಭೆಯಲ್ಲಿ ಎದ್ದು ನಿಂತು ದೇವರು ನನಗೆ ಇಂಥದ್ದು ಮಾಡಿದ ಅಂತ. ಸಾಕ್ಷಿ ಹಾಕುವುದು ಅಂತಲೂ ಇದೆ ಕನ್ನಡದಲ್ಲಿ, ಇನ್ನೊಬ್ಬನ ಕಾಗದಕ್ಕೆ ನಮ್ಮ ಹೆಸರು ಕೊಡುವುದು. ಎರಡನೆಯದನ್ನು ನಾವು ಚರ್ಚಿನ ಮಾತಾಗಿ ಎಣಿಸಿಯೇ ಇರಲಿಲ್ಲ.

ಸೆಪ್ಟೆಂಬರ್ 9

ಕಾರ್ಯಕ್ರಮದ ಪಟ್ಟಿ ಹರಿದುಹಾಕಿ ಹೊಸದು ಮಾಡಿದೆವು. ಮೂರು ಉಪನ್ಯಾಸ ಇದ್ದದ್ದು ಒಂದೂ ಉಳಿಯಲಿಲ್ಲ. ಬೆಳಿಗ್ಗೆ ಮೊದಲು ಆಚಾರಿಯವರು ಮಾತಾಡುತ್ತಾರೆ. ಅವರನ್ನು ಒಪ್ಪಿಸಲು ನಾಲ್ಕು ಸಲ ಫೋನ್ ಮಾಡಿದೆ.

ಜಾಗ ವಿರಾಜಪೇಟೆಯಲ್ಲಿ ಸಿಸ್ಟರುಗಳ ಹಾಲ್. ವಿರಾಜಪೇಟೆಯೇ ಆಗಲಿ ಅಂತ ನಾನು ಹಟ ಹಿಡಿದಿದ್ದೆ. ಸಂತ ಅನ್ನಮ್ಮನವರ ಚರ್ಚ್ ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕರಾವಳಿಯ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ, ಜಾಗ ಕೊಟ್ಟ. ಕೊಟ್ಟವನು ಲಿಂಗಾಯತ ಅರಸ. ಹರ್ಮನ್ ಮೊಗ್ಲಿಂಗ್, ಅದೇ 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಬಾಸೆಲ್ ಮಿಷನ್ ಪಾದ್ರಿ, ಇಲ್ಲಿಗೆ ಬಂದು ಆನಂದಪುರದಲ್ಲಿ ಸಭೆ ಕಟ್ಟಿದ್ದು 1850ರ ದಶಕದಲ್ಲಿ. ಅಂದರೆ ಸುವಾರ್ತೆ ಹೇಳಲು ಪಾದ್ರಿಗಳು ಬರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ನಾವು ಕೊಡಗಿನ ಬಾಗಿಲು ತಟ್ಟಿದ್ದು ಆಸರೆ ಕೇಳಿಕೊಂಡು. ಮಡಿಕೇರಿ ಕೋಟೆಯೊಳಗೆ ಇಂಗ್ಲಿಷರ ಕಾಲದಲ್ಲಿ, 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಮ್ಯೂಸಿಯಂ. ವಿರಾಜಪೇಟೆಯ ಗಂಟೆ ಇನ್ನೂ ಹೊಡೆಯುತ್ತಿದೆ. ಇದನ್ನು ಬಂದವರಿಗೆಲ್ಲ ಹೇಳಬೇಕು.

ಅಕ್ಟೋಬರ್ 4

ಅನುವಾದ ಮುಗಿಯಿತು. 2011ರಲ್ಲಿ ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಮಂಡಳಿ, ಚರ್ಚುಗಳ ವಿಶ್ವ ಮಂಡಳಿ, ವಿಶ್ವ ಇವಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಹಲವು ಧರ್ಮಗಳ ನಡುವೆ ಸಾಕ್ಷಿಯಾಗಿರುವುದು ಹೇಗೆ ಅಂತ ಒಂದು ಪುಟ್ಟ ದಾಖಲೆ ತಂದಿದ್ದರು. ಹನ್ನೆರಡು ತತ್ವ, ಆರು ಶಿಫಾರಸು. ಬಡವರ ಕಷ್ಟವನ್ನು ಬಳಸಿಕೊಂಡು ಆಮಿಷ ಒಡ್ಡಬಾರದು. ರೋಗ ವಾಸಿಮಾಡುವ ಪ್ರಾರ್ಥನೆಯಲ್ಲೂ ವಿವೇಕ ಇರಬೇಕು. ಬೇರೆ ಧರ್ಮದವರ ಬಗ್ಗೆ ಸುಳ್ಳು ಹೇಳಬಾರದು. ಧರ್ಮ ಬದಲಿಸುವುದು ದೊಡ್ಡ ಹೆಜ್ಜೆ, ಯೋಚಿಸಲು ಅವರಿಗೆ ಸಾಕಷ್ಟು ಸಮಯ ಕೊಡಬೇಕು. ಜಿನೀವಾದಲ್ಲಿ ಹೊರಬಂದದ್ದು ಸಿದ್ದಾಪುರದ ಲೈನ್ ಮನೆಗೆ ಬೇಕಾದ ಮಾತೇ ಆಗಿತ್ತು.

ಒಂದು ಪದ ಸತಾಯಿಸಿತು. ನಮ್ಮ ಹಳೆಯ ಬೈಬಲಿನಲ್ಲಿ 'ಮಾನಸಾಂತರ' ಅಂತ ಇದೆ, ಮನಸ್ಸು ತಿರುಗುವುದು. ಊರಲ್ಲಿ ಜಗಳಕ್ಕೆ ಕಾರಣವಾಗಿರುವುದು 'ಮತಾಂತರ'. ಬಾಯಲ್ಲಿ ಎರಡೂ ಹತ್ತಿರ ಹತ್ತಿರ. ಮಾನಸಾಂತರ ದೇವರು ಮಾಡುವ ಕೆಲಸ, ಅದು ಮೊದಲು ನನ್ನಲ್ಲೇ ಆಗಬೇಕಾದ್ದು. ತಲೆ ಎಣಿಸಿ ವರದಿ ಬರೆಯುವವರು ಈ ಎರಡನ್ನೂ ಒಂದು ಮಾಡಿಬಿಟ್ಟರು ಅಂತ ನನ್ನ ಅಭಿಪ್ರಾಯ.

ಅಕ್ಟೋಬರ್ 21

ಊಟ: ಕಡುಂಬುಟ್ಟು (ಅಕ್ಕಿ ಕಡುಬು), ಕೋಳಿ ಸಾರು, ಸಸ್ಯಾಹಾರಿಗಳಿಗೆ ಕುಂಬಳಕಾಯಿ ಸಾರು. ಹಂದಿ ಕೆಲವರು ತಿನ್ನುವುದಿಲ್ಲ, ಬಿಟ್ಟೆವು. ವೈನೂ ಇಲ್ಲ. ವೇದಿಕೆ, ಶಾಲು, ಹಾರ ಯಾವುದೂ ಬೇಡ, ಕುರ್ಚಿ ಸುತ್ತಲೂ ಹಾಕುವುದು ಅಂತ ತೀರ್ಮಾನ.

ಕರೆದ 46 ಜನರಲ್ಲಿ ಏಳು ಮಂದಿ ಬರುವುದಿಲ್ಲ ಅಂದರು. ಒಬ್ಬರ ಕಾರಣ, "ಕ್ರೈಸ್ತರಲ್ಲದವರಿಂದ ಸಾಕ್ಷಿಯ ಬಗ್ಗೆ ನಾವೇನು ಕಲಿಯೋದು?" ಸಿಟ್ಟು ಬಂತು. ಆದರೂ ಅವರ ಮನೆಗೆ ಹೋಗಿ ಒಂದು ಗಂಟೆ ಕೂತು ಬಂದೆ. ಬರುತ್ತೇನೆ ಅನ್ನಲಿಲ್ಲ. ಗೇಟಿನ ತನಕ ಬಂದು ಬೀಳ್ಕೊಟ್ಟರು.

ನವೆಂಬರ್ 10, ರಾತ್ರಿ

ಮುಗಿಯಿತು. ಕಾಲು ನೋಯುತ್ತಿದೆ, ನಿದ್ದೆ ಬರುತ್ತಿಲ್ಲ.

38 ಜನ ಬಂದರು. ಆಚಾರಿಯವರು ಹತ್ತು ನಿಮಿಷ ಮಾತಾಡಿದರು. ಹೆಜ್ಜೆ ಎಣಿಸಿದ್ದನ್ನು ಹೇಳುವಾಗ ಕೂತಲ್ಲಿಂದ ಎದ್ದು ಹಾಲಿನ ಮಧ್ಯೆ ನಡೆದು ತೋರಿಸಿದರು, ಹದಿನೆಂಟು. ಯಾರೂ ಕೆಮ್ಮಲೂ ಇಲ್ಲ.

ಒಬ್ಬ ವಕೀಲರು ಕಾನೂನಿನ ಭಾಗ ತಿಳಿಸಿದರು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿಮ್ಮ ನಂಬಿಕೆಯ ತತ್ವಗಳನ್ನು ತಿಳಿಸಬಹುದು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂದಿತು. ಪ್ರಶ್ನೆಗಳು ಬಹಳ ಬಂದವು, ಹೆದರಿಕೆಯೂ ಹೊರಬಂತು. ಅಯ್ಯನವರು 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ಭಾರತದ ಪಾದ್ರಿ ವಿ. ಎಸ್. ಅಜರಯ್ಯ ಆಡಿದ ಮಾತು ನೆನಪಿಸಿದರು: ನೀವು ಬಡವರಿಗೆ ಆಸ್ತಿ ಹಂಚಿದ್ದೀರಿ, ಜೀವವನ್ನೂ ಕೊಟ್ಟಿದ್ದೀರಿ, ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಅಂತ ಬಿಳಿಯ ಮಿಷನರಿಗಳ ಮುಂದೆ ಕೇಳಿದ್ದು. ಈಗ ಆ ಮಾತನ್ನು ನಮಗೆ ಹೇಳಬೇಕಾದವರು ಯಾರು ಅಂತ ಕೇಳಿದರು.

ನನಗೆ ಇಡೀ ದಿನದ ತಿರುಳು ಸಿಕ್ಕಿದ್ದು ಊಟದ ನಂತರ. ಮಾಲ್ದಾರೆ ಕಡೆಯ ಒಬ್ಬ ಪಾಸ್ಟರ್, ಮೂವತ್ತೈದು ವಯಸ್ಸು ಇರಬಹುದು, ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ. ಎದ್ದು ನಿಂತರು. "ನೀವೆಲ್ಲ ಸೇವೆಯೇ ಸಾಕ್ಷಿ ಅಂತೀರಿ. ಸಂತೋಷ. ನಾನು ಹದಿನಾರು ವರ್ಷಕ್ಕೇ ಕುಡಿಯೋಕೆ ಶುರು ಮಾಡಿದೋನು. ಯಾರೋ ಒಬ್ಬರು ನಮ್ಮ ಲೈನಿಗೆ ಬಂದು ಯೇಸುವಿನ ಹೆಸರು ಹೇಳದೇ ಇದ್ದಿದ್ರೆ ನಾನು ಇವತ್ತು ಇರ್ತಿರಲಿಲ್ಲ. ಆ ಹೆಸರನ್ನ ನಾನು ಹೇಗೆ ಹೇಳದೇ ಇರಲಿ?" ಹಾಲ್ ಸ್ತಬ್ಧವಾಯಿತು. ಅವರು ಹೇಳಿದ್ದು ನಿಜ. ಹೆಸರು ಹೇಳದ ಸಾಕ್ಷಿ ಅರ್ಧವೇ. ಆ ಅಜ್ಜಿ ಕೂಡ ಬಾವಿ ಇತ್ತು ಅಂತ ಬಾಯಿ ಬಿಟ್ಟು ಹೇಳಿದ್ದರಿಂದಲೇ ಸಾಕ್ಷಿಯಾದದ್ದು.

ಪಾಸ್ಟರ್ ಅಲ್ಲಿಗೇ ನಿಲ್ಲಿಸಲಿಲ್ಲ. "ಹೋದ ವರ್ಷ ನಮ್ಮ ಸಭೆಯ ಒಬ್ಬ ಹೆಂಗಸು ತೀರಿಕೊಂಡ್ರು. ಊರಿನ ಸ್ಮಶಾನದಲ್ಲಿ ಬೇಡ ಅಂದ್ರು. ಎರಡು ಚರ್ಚಿಗೆ ಹೋಗಿ ಕೇಳಿದೆ. ನಿಮ್ಮ ಹೆಸರು ರಿಜಿಸ್ಟರಲ್ಲಿ ಇಲ್ಲ ಅಂದ್ರು. ಮಳೆಯಲ್ಲಿ ಪಿಕಪ್ ಗಾಡಿಯಲ್ಲಿ ಹೆಣ ಇಟ್ಕೊಂಡು ಸಂಜೆ ತನಕ ತಿರುಗಿದ್ವಿ. ಕೊನೆಗೆ ಒಬ್ಬ ತೋಟದ ಯಜಮಾನರು, ಕೊಡವರು, ತಮ್ಮ ತೋಟದ ಮೂಲೆಯಲ್ಲಿ ಜಾಗ ಕೊಟ್ರು."

ಎಂಟು ದಿನದ ಹಿಂದಷ್ಟೇ, ನವೆಂಬರ್ ಎರಡಕ್ಕೆ, ಸಿಮೆಟ್ರಿಯಲ್ಲಿ ಹುಲ್ಲು ತೆಗೆದು ಗೋರಿಗಳಿಗೆ ಹೂವಿಟ್ಟು ಮೃತರ ಸ್ಮರಣೆ ಮಾಡಿದ ಜನ ಆ ಹಾಲಿನಲ್ಲಿ ಅರ್ಧದಷ್ಟಿದ್ದರು. ಒಬ್ಬ ಫಾದರ್ ಎದ್ದು ಹೋಗಿ ಪಾಸ್ಟರ ಪಕ್ಕದ ಕುರ್ಚಿಯಲ್ಲಿ ಕೂತರು. ಏನೂ ಮಾತಾಡಲಿಲ್ಲ, ಅವರ ಕೈ ಹಿಡಿದುಕೊಂಡರು. ಮುಂದಿನ ಒಂದು ಗಂಟೆ ಬೇರೆ ಯಾವ ವಿಷಯವೂ ನಡೆಯಲಿಲ್ಲ. ನಾನು ಬರೆದಿಟ್ಟುಕೊಂಡಿದ್ದ ಮೂರು ಚರ್ಚಾಪ್ರಶ್ನೆ ಚೀಲದಲ್ಲೇ ಉಳಿದವು.

ನವೆಂಬರ್ 16

ಲೆಕ್ಕ ಮುಗಿಸಿದೆ. 1,140 ರೂಪಾಯಿ ಉಳಿದಿದೆ, ಸಿಸ್ಟರ್ ಹತ್ತಿರ ಇಟ್ಟಿದ್ದೇನೆ.

ನಮ್ಮ ಸಿಮೆಟ್ರಿಯ ಹಿಂದಿನ ಸಾಲನ್ನು ಸ್ವಂತ ಜಾಗವಿಲ್ಲದ ಸಭೆಗಳಿಗೆ ಬಿಟ್ಟುಕೊಡಬೇಕು, ರಿಜಿಸ್ಟರಿನ ಹೆಸರು ಕೇಳಬಾರದು ಅಂತ ಅರ್ಜಿ ಬರೆದೆ. ಅಯ್ಯನವರು ಮೊದಲ ಸಹಿ ಹಾಕಿದರು. ಫಾದರ್ ತಮ್ಮ ಕಡೆಯಿಂದಲೂ ಮೈಸೂರಿಗೆ, ಬಿಷಪರಿಗೆ ಬರೆಯುತ್ತೇನೆ ಅಂದಿದ್ದಾರೆ. ನಮ್ಮ ಅರ್ಜಿ ಡಿಸೆಂಬರಿನ ಕಮಿಟಿಗೆ ಹೋಗುತ್ತದೆ. ಇಬ್ಬರು ಹಿರಿಯರು ಖಂಡಿತ ಬೇಡ ಅನ್ನುತ್ತಾರೆ. ಒಬ್ಬರ ತಂದೆತಾಯಿಯ ಗೋರಿ ಆ ಸಾಲಿನ ಪಕ್ಕದಲ್ಲೇ ಇದೆ, ಅವರ ಸಂಕಟವೂ ನನಗೆ ಗೊತ್ತು. ಸಭೆಯಲ್ಲಿ ವಾದ ಮಾಡುವ ಮೊದಲು ಮನೆಗೆ ಹೋಗಬೇಕು. ನಾಳೆ ನಾಲ್ಕು ಗಂಟೆಗೆ ಹೊರಡುತ್ತೇವೆ. ಮಾಲ್ದಾರೆಯಿಂದ ಪಾಸ್ಟರ್ ಬರುತ್ತಾರೆ. ರಾತ್ರಿ ಅವರು ವಾಪಸ್ ಹೋಗುವ ಹಾಗಿಲ್ಲ, ನಮ್ಮ ಮನೆಯಲ್ಲೇ ಉಳಿಯಿರಿ ಅಂತ ಹೇಳಿದ್ದೇನೆ.